ಹಲೋ, ಯಾರು ಮಾತಾಡೋದು?

ಕೇಶವಯ್ಯ ಸಾರ್ ಕೀಬೋರ್ಡಿಗೆ ಹಲೋ ಅನ್ನುತ್ತಿದ್ದರು. ತಮಾಷೆಗಲ್ಲ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದು ಕೀ ಒತ್ತಿ, ತಲೆ ಓರೆ ಮಾಡಿ, "ಹಲೋ, ಯಾರು ಮಾತಾಡೋದು?" ಅಂತ ಕೇಳೋರು. ಸ್ಪೀಕರಿನಿಂದ ಕೊಳಲು ಬಂದರೆ, "ಕೊಳಲಪ್ಪನಾ? ಸರಿ, ಲೈನಲ್ಲಿರಿ" ಅಂತ ಮುಂದಿನ ನಂಬರಿಗೆ ಹೋಗೋರು. ವೀಣೆ ಬಂದರೆ ಮಾತ್ರ ಸ್ವಲ್ಪ ಮರ್ಯಾದೆ ಜಾಸ್ತಿ: "ವೀಣಮ್ಮನೋರಾ, ನಮಸ್ಕಾರ." ಆರು ವಾದ್ಯಕ್ಕೆ ಆರು ಹಲೋ. ಒಂದು ಸಲವೂ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಈ ಮಾತನ್ನು ನಾನು ಹೇಳಬೇಕಾದ ದಿನ ಹೇಳಲಿಲ್ಲ, ಅದಕ್ಕೇ ಈಗ ಬರೆಯುತ್ತಾ ಕೂತಿದ್ದೇನೆ.

ಅವರು ನಮ್ಮಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್ ಆಪರೇಟರ್ ಆಗಿದ್ದವರು. ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಜೋಡಿಸಿದವರು. ಯಾವ ಸೆಕ್ಷನ್, ಯಾವ ಎಕ್ಸ್‌ಟೆನ್ಷನ್, ಎಲ್ಲ ಬಾಯಿಪಾಠ. ರಿಟೈರ್ ಆಗಿ, ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಆ ನಂಬರುಗಳು ಅವರ ತಲೆಯಿಂದ ಇಳಿಯಲಿಲ್ಲ. ದಾಸರಹಳ್ಳಿ ಮಾರ್ಕೆಟ್ಟಿನಲ್ಲಿ ಹಳೆಯ ಸಹೋದ್ಯೋಗಿ ಯಾರಾದರೂ ಸಿಕ್ಕರೆ, "ಏನ್ರೀ ತ್ರೀ ಒನ್ ಸೆವೆನ್, ಮಂಡಿನೋವು ಹೇಗಿದೆ?" ಅಂತ ಕೂಗೋರು. ನಮ್ಮಪ್ಪ ಟೂ ಫೋರ್ ಒನ್. ನಾನು ಟೂ ಫೋರ್ ಒನ್ ಮಗಳು. ಶೋಭಾ ಅನ್ನೋ ಹೆಸರು ಅವರ ಬಾಯಲ್ಲಿ ಬಂದಿದ್ದು ಬಹಳ ಕಮ್ಮಿ.

ನಿವೃತ್ತ ನೌಕರರ ಸಂಘದಲ್ಲಿ ಒಂದು ಸಂಗೀತ ಬಳಗ ಇತ್ತು. ಸಾರ್ ಅದರಲ್ಲಿ ಮೊದಲು ಹಾರ್ಮೋನಿಯಂ, ಆಮೇಲೆ ಕೀಬೋರ್ಡ್. ನಾನು ನೌಕರಳೂ ಅಲ್ಲ, ನಿವೃತ್ತಳೂ ಅಲ್ಲ. ಪೀಣ್ಯ ಎರಡನೇ ಹಂತದಲ್ಲಿ ಗೇರ್ ಮಾಡುವ ಶಾಪ್ ಒಂದರಲ್ಲಿ ಇನ್‌ಸ್ಪೆಕ್ಷನ್ನಿನಲ್ಲಿದ್ದೇನೆ. ಎರಡು ಮೈಕ್ರಾನ್ ಹೆಚ್ಚುಕಮ್ಮಿಯಾದರೂ ಪೀಸಿಗೆ ಕೆಂಪು ಚೀಟಿ ಕಟ್ಟಿ ರಿಜೆಕ್ಟ್ ಮಾಡೋದು ನನ್ನ ಕೆಲಸ. ಊರಿನವರ ತಪ್ಪಿಗೆಲ್ಲ ಚೀಟಿ ಕಟ್ಟುವವಳು, ನೋಡಿ. ಅಪ್ಪನ ದೆಸೆಯಿಂದ ಬಳಗಕ್ಕೆ ಸೇರಿಕೊಂಡೆ. ಸಂಬಳ ಕೂಡಿಸಿ ಒಂದು ಲ್ಯಾಪ್‌ಟಾಪ್ ತಂದು, ಕೀಬೋರ್ಡನ್ನು ಅದಕ್ಕೆ ಜೋಡಿಸಿ, ಲ್ಯಾಪ್‌ಟಾಪಿನೊಳಗಿನ ವೀಣೆ, ಕೊಳಲು, ಶಹನಾಯಿ ನುಡಿಸಬೇಕು ಅನ್ನೋ ಹುಚ್ಚು ಹಿಡಿಸಿಕೊಂಡಿದ್ದೂ ನಾನೇ.

ಒಂದು ವಾರ ಒದ್ದಾಡಿದೆ. ಏನು ಒತ್ತಿದರೂ ಪಿಯಾನೋ, ಇಲ್ಲವೇ ಮೌನ. ಸಂಘದ ಹಾಲಿನಲ್ಲಿ ಕೂತು ಲ್ಯಾಪ್‌ಟಾಪಿಗೆ ಬೈಯುತ್ತಿದ್ದಾಗ ಸಾರ್ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು.

"ಕೇಬಲ್ ಎಷ್ಟಮ್ಮ?"

"ಒಂದೇ ಸಾರ್."

"ಅದರಲ್ಲಿ ಲೈನು?"

"ಚಾನೆಲ್ ಅಂತಾರೆ ಸಾರ್. ಹದಿನಾರು."

"ಅಯ್ಯಯ್ಯೋ!" ಅಂದರು, ಲಾಟರಿ ಹೊಡೆದವರ ಹಾಗೆ. "ಒಂದು ತಂತೀಲಿ ಹದಿನಾರು ಮಾತುಕತೆನಾ? ಇದು ನಮ್ಮ ಎಕ್ಸ್‌ಚೇಂಜೇ ಕಣಮ್ಮ! ಕೀಬೋರ್ಡು ಅಂದ್ರೆ ಬರೀ ರಿಸೀವರ್ರು. ಅದಕ್ಕೆ ಸ್ವಂತ ದನಿ ಇಲ್ಲ. ನೀನು ಯಾವ ನಂಬರಿಗೆ ಹಾಕ್ತೀಯೋ ಅವರು ಮಾತಾಡ್ತಾರೆ. ಈಗ ಹೇಳು, ವೀಣೆ ಎಕ್ಸ್‌ಟೆನ್ಷನ್ ಎಷ್ಟು?"

ವೀಣೆಗೆ ನಾನು ನಂಬರೇ ಕೊಟ್ಟಿರಲಿಲ್ಲ! ನಂಬರಿಲ್ಲದ ಫೋನಿಗೆ ಒಂದು ವಾರದಿಂದ ಕರೆ ಮಾಡುತ್ತಿದ್ದೆ. ಹತ್ತು ನಿಮಿಷದಲ್ಲಿ ಸಾರ್ ಎಲ್ಲಕ್ಕೂ ನಂಬರು ಹಂಚಿದರು. ಪಿಯಾನೋ ಒಂದು, ಕೊಳಲು ಎರಡು, ವೀಣೆ ಮೂರು, ಪಿಟೀಲು ನಾಲ್ಕು, ಶಹನಾಯಿ ಐದು. ಡ್ರಮ್ಸಿಗೆ ಹತ್ತು ಅನ್ನೋದು ವಾಡಿಕೆ ಅಂತ ನಾನಂದೆ. "ಹಾಗಾದ್ರೆ ಹತ್ತೇ ಇರಲಿ. ಹಳೇ ನಂಬರು ಬದಲಾಯಿಸಬಾರದು, ಜನಕ್ಕೆ ಗಾಬರಿಯಾಗುತ್ತೆ" ಅಂದರು. ಮಾರನೇ ದಿನ ಔಷಧಿ ಅಂಗಡಿಯಿಂದ ಗಾಯಕ್ಕೆ ಹಾಕುವ ಬಿಳೀ ಪ್ಲಾಸ್ಟರು ತಂದು, ತುಂಡು ತುಂಡು ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಗುಂಡಗೆ ಬರೆದು ಕೀಬೋರ್ಡಿನ ಗುಂಡಿಗಳ ಕೆಳಗೆ ಅಂಟಿಸಿದರು. ಎಕ್ಸ್‌ಚೇಂಜಿನಲ್ಲೂ ಹಾಗೇ ಅಂಟಿಸುತ್ತಿದ್ದರಂತೆ.

ಸಾಫ್ಟ್‌ವೇರಿನಲ್ಲಿ ಇನ್ನೊಂದು ಆಯ್ಕೆ ಇದೆ, ಓಮ್ನಿ ಅಂತ. ಅದಕ್ಕಿಟ್ಟರೆ ಆ ವಾದ್ಯ ಯಾರ ನಂಬರಿಗೆ ಕರೆ ಬಂದರೂ ತಾನೇ ಎತ್ತಿಕೊಳ್ಳುತ್ತದೆ. ಸಾರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಅದು ಕ್ರಾಸ್ ಕನೆಕ್ಷನ್ನು. ಅದರ ತಂಟೆಗೆ ಹೋಗಬೇಡ" ಅನ್ನೋರು. ಅವರದು ಇನ್ನೊಂದು ಮಾತಿತ್ತು: "ರಾಂಗ್ ನಂಬರ್ ಆದ್ರೆ ತಪ್ಪು ಆಪರೇಟರ್‌ದು. ಫೋನ್ ಮಾಡಿದೋನದಲ್ಲ, ಮಿಷಿನ್ನಿಂದಲ್ಲ." ಮೂವತ್ತೊಂದು ವರ್ಷದಲ್ಲಿ ಹನ್ನೊಂದು ಸಲ ತಪ್ಪು ಲೈನು ಕೊಟ್ಟಿದ್ದರಂತೆ. ಹನ್ನೊಂದನ್ನೂ ಒಂದೊಂದಾಗಿ ಹೇಳೋರು.

ಅವರ ಮನೆ ಮಾದನಾಯಕನಹಳ್ಳಿಯಲ್ಲಿ, ಗೋಡೌನುಗಳ ಹಿಂದಿನ ಬಡಾವಣೆ. ಭಾನುವಾರ ಪ್ರಾಕ್ಟೀಸು ಅಲ್ಲೇ. ಅವರ ಹೆಂಡತಿ ವಿಮಲಮ್ಮನೋರು ಕಾಫಿ ಕೊಟ್ಟು, ನಾನು ಹೊರಡಲು ಎದ್ದರೆ ಸಾಕು, "ಇರು, ಕುಂಕುಮ ತಗೊಂಡು ಹೋಗು" ಅನ್ನೋರು. ಚಪ್ಪಲಿ ಮೆಟ್ಟಿದ್ದರೂ ಬಿಚ್ಚಿಸಿ ಒಳಗೆ ಕರೆಯೋರು. ಒಂದು ಭಾನುವಾರ ಬಸ್‌ಸ್ಟಾಪಿನ ತನಕ ಬಿಡಲು ಬಂದ ಸಾರ್ ನಡೆಯುತ್ತಾ ಏನೋ ಗುಣುಗುಟ್ಟುತ್ತಿದ್ದರು. ಏನು ಸಾರ್ ಅಂದೆ. "ನಂಬರು ಕಣಮ್ಮ. ಕ್ಯಾಂಟೀನು, ಟೂಲ್ ರೂಮು, ಡಿಸ್ಪೆನ್ಸರಿ... ದಿನಾ ಒಂದು ಸಲ ಎಲ್ಲಾ ಹೇಳ್ಕೊಳ್ತೀನಿ. ನಮ್ಮಣ್ಣನಿಗೆ ಮರೆವು ಬಂದಿತ್ತು. ಕೊನೆಗೆ ನನ್ನನ್ನೇ 'ಯಾರಪ್ಪ ನೀನು' ಅಂದುಬಿಟ್ಟ. ನನಗೆ ಸಾಯೋಕೆ ಭಯ ಇಲ್ಲ. ಅದೊಂದು ಮಾತ್ರ ಬರಬಾರದು." ಆಮೇಲೆ ಬಸ್ಸು ಬಂತು. ಅಂದರೆ, ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಸಂಘದ ವಾರ್ಷಿಕ ಸಮಾವೇಶ. ಬೆಳಗ್ಗೆ ಹನ್ನೊಂದು ಗಂಟೆ. ಆ ವರ್ಷ ತೀರಿಕೊಂಡ ಕ್ಯಾಂಟೀನಿನ ಗೋವಿಂದಪ್ಪನವರ ಫೋಟೋಗೆ ಹಾರ ಹಾಕಿ, ಒಂದು ನಿಮಿಷ ಮೌನ, ಆಮೇಲೆ ಸಾರ್ ಒಬ್ಬರೇ ವೀಣೆ ನುಡಿಸಬೇಕು. ಗೋವಿಂದಪ್ಪನವರ ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದರು. ಸಾರ್ ಹತ್ತೂವರೆಗೇ ಬಂದು ಆರು ಹಲೋ ಮುಗಿಸಿ, ಆ ತಾಯಿಯನ್ನು ಮಾತಾಡಿಸಲು ಕೆಳಗಿಳಿದರು.

ಕಾರ್ಯಕ್ರಮದ ಕೊನೆಗೆ ನನ್ನದೊಂದು ಹಾಡಿತ್ತು. ಆರೂ ವಾದ್ಯ ಒಟ್ಟಿಗೆ ಮೊಳಗಿದರೆ ಹೇಗಿರುತ್ತೆ ಅಂತ ನೋಡುವ ಚಪಲ. ಸಾರ್ ಇಲ್ಲದ್ದು ನೋಡಿ ಎಲ್ಲವನ್ನೂ ಓಮ್ನಿಗೆ ಹಾಕಿ ಹೆಡ್‌ಫೋನಿನಲ್ಲಿ ಕೇಳಿದೆ. ಸಕ್ಕತ್ತಾಗಿತ್ತು. ಅಷ್ಟರಲ್ಲಿ ಯಾರೋ, "ಉಪ್ಪಿಟ್ಟು ಖಾಲಿ ಆಗ್ತಿದೆ ಬಾರೇ" ಅಂದರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹೆಡ್‌ಫೋನ್ ಕಿತ್ತಿಟ್ಟು ಉಪ್ಪಿಟ್ಟಿಗೆ ಓಡಿದೆ. ನಂಬರುಗಳನ್ನು ವಾಪಸ್ ಹಾಕಲಿಲ್ಲ.

ಮೌನ ಮುಗಿಯಿತು. ಸಾರ್ ಕಣ್ಣು ಮುಚ್ಚಿ ವೀಣೆಯ ಮೊದಲ ಸ್ವರ ಒತ್ತಿದರು. ಢಂ ಅಂತ ಡ್ರಮ್ಸು, ಪೀಂ ಅಂತ ಶಹನಾಯಿ, ಪಿಟೀಲು, ಪಿಯಾನೋ ಎಲ್ಲ ಸೇರಿ ಹಾಲು ಅದುರಿಹೋಯಿತು. ಮದುವೆ ದಿಬ್ಬಣ ನುಗ್ಗಿದ ಹಾಗೆ. ಸಾರ್ ಕೈ ಎತ್ತಿದರು. ನಂಬದೆ ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ. ಹಿಂದಿನ ಸಾಲಿನಲ್ಲಿ ಕಿಸಕ್ ಅಂತ ಶುರುವಾದ ನಗು ಇಡೀ ಹಾಲಿಗೆ ಹಬ್ಬಿತು. ಗೋವಿಂದಪ್ಪನವರ ಹೆಂಡತಿ ಸೆರಗು ಮುಖಕ್ಕೆ ಒತ್ತಿಕೊಂಡರು. ನಾನು ಓಡಿಹೋಗಿ ಪಟಪಟ ಅಂತ ಸರಿ ಮಾಡಿದೆ. ಸಂಘದ ಕಾರ್ಯದರ್ಶಿ ಮುನಿರಾಜಣ್ಣ ಮೈಕ್ ಹಿಡಿದು, "ಏನೂ ಇಲ್ಲ ಕಣ್ರೀ, ನಮ್ಮ ಕೇಶವಯ್ಯೋರಿಗೂ ವಯಸ್ಸಾಯ್ತು, ಎಲ್ಲಾ ಲೈನೂ ಒಟ್ಟಿಗೆ ಕೊಟ್ಬಿಟ್ರು!" ಅಂದ. ಪಾಪ, ಅವನು ತಿಳಿ ಮಾಡೋಕೇ ಅಂದದ್ದು.

ಸಾರ್ ನನ್ನ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು: "ನಾನು ಹಲೋ ಅಂದಿದ್ನಾ?"

ಎಷ್ಟು ಸುಲಭದ ಪ್ರಶ್ನೆ! ಅಂದಿದ್ರಿ ಸಾರ್, ತಪ್ಪು ನಂದು, ಅಷ್ಟು ಹೇಳಿದ್ದರೆ ಆಗುತ್ತಿತ್ತು. ಇನ್ನೂರು ಜನ ನೋಡುತ್ತಿದ್ದರು. ನಾನು ಲ್ಯಾಪ್‌ಟಾಪನ್ನೇ ನೋಡುತ್ತಾ ಅಂದೆ, "ಗೊತ್ತಿಲ್ಲ ಸಾರ್. ನಾನು ಗಮನಿಸಲಿಲ್ಲ."

ಅವತ್ತೇ ಕೊನೆ. ಅವರು ಆಮೇಲೆ ಬಳಗಕ್ಕೆ ಬರಲಿಲ್ಲ. ಸಾರಿಗೆ ಬೇಜಾರಾಗಿದೆ, ಸರಿಹೋಗುತ್ತೆ ಅಂದರು ಎಲ್ಲರೂ. ನಾನೂ ಅಂದೆ. ಕಾರ್ಯಕ್ರಮಗಳಲ್ಲಿ ಅವರ ಜಾಗದಲ್ಲಿ ಯಾರು ಕೂತರು ಅಂತ ಬೇರೆ ಹೇಳಬೇಕೇ? ನಾನೇ. ಚಪ್ಪಾಳೆ ಚೆನ್ನಾಗೇ ಬಿತ್ತು.

ಆರು ತಿಂಗಳ ಮೇಲೆ, ಅಪ್ಪ ಹತ್ತು ಸಲ ಹೇಳಿದ ಮೇಲೆ, ಅವರ ಮನೆಗೆ ಹೋದೆ. ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಮೇಲೆ ಬಿಳೀ ಪ್ಲಾಸ್ಟರಿನ ತುಂಡುಗಳಿದ್ದವು. 'ಫ್ಯಾನು.' 'ವರಾಂಡ ಲೈಟು.' ಅಡುಗೆಮನೆಯಲ್ಲಿ 'ಉಪ್ಪು', 'ಸಕ್ಕರೆ', 'ಗ್ಯಾಸ್ ಆರಿಸಿದೆಯಾ?' ಎಲ್ಲ ಅದೇ ಗುಂಡನೆ ಅಕ್ಷರ. ಕುಂಕುಮದ ಭರಣಿಯ ಮೇಲೂ 'ಕುಂಕುಮ'. ಇಡೀ ಕಾರ್ಖಾನೆ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಸ್ವಂತ ಮನೆಯ ಫ್ಯಾನಿಗೆ ಚೀಟಿ ಅಂಟಿಸಿದ್ದರು. ಕೀಬೋರ್ಡು ಅಟ್ಟ ಸೇರಿತ್ತು. "ಅವತ್ತು ನನಗೆ ಗೊತ್ತಾಗೋಯ್ತು ಕಣಮ್ಮ" ಅಂದರು ಸಾರ್, ನಗುತ್ತಲೇ. "ಹಲೋ ಅಂದಿದೀನಿ ಅಂತ ನನಗೆ ಚೆನ್ನಾಗಿ ನೆನಪಿತ್ತು. ಅಂದಿರಲಿಲ್ಲ. ಅಣ್ಣನಿಗೂ ಹಿಂಗೇ ಶುರುವಾಗಿದ್ದು." ಕಾಫಿ ಕುಡಿದು, ಆ ಭರಣಿಯಿಂದಲೇ ಕುಂಕುಮ ಇಟ್ಟುಕೊಂಡು ಬಂದೆ. ಥೂ ನನ್ನ ಜನ್ಮಕ್ಕೆ.

ಮತ್ತೆ ಒಂದೂವರೆ ವರ್ಷ ಹೋಗಲಿಲ್ಲ. ಹೇಳಬೇಕು ಅಂತ ಅಂದುಕೊಳ್ಳೋದು, ಮುಂದಿನ ಭಾನುವಾರ ಅನ್ನೋದು. ತಡವಾದಷ್ಟೂ ಹೇಳೋದು ಕಷ್ಟವಾಯಿತು. ಒಂದು ದಿನ ಜಾಲಹಳ್ಳಿ ಕ್ರಾಸಿನಲ್ಲಿ ವಿಮಲಮ್ಮನೋರು ಸಿಕ್ಕರು. "ಮಗಳು ದೊಡ್ಡ ಡಾಕ್ಟರ ಹತ್ರ ತೋರಿಸಿದಳು ಶೋಭಾ. ಎಲ್ಲಾ ಪರೀಕ್ಷೆ ಮಾಡಿ ಏನೇನೂ ಇಲ್ಲ ಅಂದ್ರು. ಇವರು ನಂಬಲ್ಲ ಕಣೇ. ಡಾಕ್ಟರಿಗೇನು ಗೊತ್ತು, ಇನ್ನೂರು ಜನರ ಮುಂದೆ ಆಗಿದೆ, ಅದಕ್ಕಿಂತ ಪರೀಕ್ಷೆ ಬೇಕಾ ಅಂತಾರೆ. ಈಗ ಒಬ್ಬರೇ ಗೇಟು ದಾಟಲ್ಲ."

ಆ ಭಾನುವಾರ ಹೋದೆ. ಸಾರ್ ಸೊರಗಿದ್ದರು. ಕೂತ ತಕ್ಷಣ ಹೇಳಿಬಿಟ್ಟೆ, ಉಪ್ಪಿಟ್ಟನ್ನೂ ಬಿಡದೆ. ವಿಮಲಮ್ಮನೋರು ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟರು.

ಸಾರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡರು. ಆಮೇಲೆ, "ಹಾಗಾದ್ರೆ ನಾನು ಹಲೋ ಅಂದಿದ್ದೆ?"

"ಅಂದಿದ್ರಿ ಸಾರ್."

"ಕೊಳಲಿಗೆ?"

"ಅಂದಿದ್ರಿ."

"ಶಹನಾಯಿಗೆ? ಹತ್ತಕ್ಕೆ?"

"ಎಲ್ಲಕ್ಕೂ ಸಾರ್."

"ವೀಣೆಗೆ?"

"ವೀಣಮ್ಮನೋರಾ ನಮಸ್ಕಾರ ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ."

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದೆಯಾ ವಿಮಲಾ? ನಾನು ಮರೆತಿರಲಿಲ್ಲವಂತೆ." ಎಳೇ ಮಕ್ಕಳ ಮುಖ ಅರಳುತ್ತಲ್ಲ, ಹಾಗೆ ಅರಳಿತು. ಆಮೇಲೆ ನನ್ನ ಕಡೆ ನೋಡಿದರು. ಆ ಅರಳಿದ್ದು ಅಲ್ಲಿಗೇ ನಿಂತಿತು.

"ನಮ್ಮಣ್ಣನ ವಿಷಯ ನಿನಗೆ ಹೇಳಿದ್ದೆ ಅಲ್ವಾ? ಬಸ್‌ಸ್ಟಾಪಲ್ಲಿ?"

"ಹೇಳಿದ್ರಿ ಸಾರ್."

"ಹ್ಞೂ. ಅದೂ ನೆನಪಿದೆ ನನಗೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎದ್ದು ಸ್ವಿಚ್ ಬೋರ್ಡಿನ ಹತ್ತಿರ ಹೋಗಿ, 'ಫ್ಯಾನು' ಅಂತಿದ್ದ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದರು. ನನಗೆ ಬೆನ್ನು ಮಾಡಿಕೊಂಡೇ, "ಹೊರಡಮ್ಮ ಶೋಭಾ" ಅಂದರು. ಟೂ ಫೋರ್ ಒನ್ ಮಗಳು ಅನ್ನಲಿಲ್ಲ.

ಎದ್ದೆ. ವಿಮಲಮ್ಮನೋರು ಆ ಕಾಫಿಯನ್ನು ಒಳಕ್ಕೆ ತೆಗೆದುಕೊಂಡು ಹೋದರು.

ಸಾರ್ ಆಮೇಲೆ ಒಂದು ವರ್ಷ ಬದುಕಿದ್ದರು. ಕೀಬೋರ್ಡು ಅಟ್ಟದಿಂದ ಇಳಿಯಿತಂತೆ, ಸಂಜೆ ನುಡಿಸುತ್ತಿದ್ದರಂತೆ, ಒಬ್ಬರೇ ಮಾರ್ಕೆಟ್ಟಿಗೆ ಬಂದು ತ್ರೀ ಒನ್ ಸೆವೆನ್ ಮಂಡಿ ವಿಚಾರಿಸುತ್ತಿದ್ದರಂತೆ. ಎಲ್ಲ ಅಪ್ಪ ಹೇಳಿದ್ದು. ನನ್ನನ್ನು ಅವರು ಕರೆಯಲಿಲ್ಲ, ನಾನಾಗಿ ಹೋಗುವ ಮುಖ ನನಗಿರಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಸಲ ಕಂಡಿದ್ದು ಆ ಭಾನುವಾರವೇ.

ಅವತ್ತು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಚಪ್ಪಲಿ ಮೆಟ್ಟಲು ಎಷ್ಟು ಹೊತ್ತು ಬೇಕು? ಬಿಚ್ಚಿ, ಧೂಳು ಒದರಿ, ಮತ್ತೆ ಮೆಟ್ಟಿದೆ. ಒಳಗೆ ಉಗುರಿನಿಂದ ಪ್ಲಾಸ್ಟರ್ ಕೆರೆಯುವ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು, ಈಗ ಇಬ್ಬರೂ ಸೇರಿ ಕೆರೆಯುತ್ತಿದ್ದರು. ಗೇಟಿನ ಚಿಲಕ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತೆ. ಇರು, ಕುಂಕುಮ ತಗೊಂಡು ಹೋಗು ಅಂತ ಯಾರೂ ಕರೆಯಲಿಲ್ಲ.