ಸರೋಜಮ್ಮನ ದಾರದ ಲೆಕ್ಕ

ಎರಡು ವರ್ಷದ ಹಿಂದಿನ ಮಾತು, ಆಗ ನನಗೆ ಅರವತ್ತೊಂಬತ್ತು. ತಿಲಕ್ ನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಕಾವ್ಯ ಕಂಪ್ಯೂಟರ್ ಮುಂದೆ ಕೂತು ವಿಡಿಯೊ ಮಾಡುತ್ತಿದ್ದಳು. ನಾನು ಹಾಕಿದ ಚಕ್ರದ ರಂಗೋಲಿಯ ಫೋಟೊ ಅದರಲ್ಲಿ ಕಾಲು ಸುತ್ತು ತಿರುಗಿ ನಿಲ್ಲಬೇಕಿತ್ತು. ತೊಂಬತ್ತು ಡಿಗ್ರಿ ಎಂದುಕೊಂಡು ಅವಳು ತೊಂಬತ್ತು ಒತ್ತಿದಳು. ನನ್ನ ರಂಗೋಲಿ ಬುಗುರಿಯಂತೆ ಗಿರಗಿರನೆ ಸುತ್ತಿ ಸೊಟ್ಟಗೆ ನಿಂತಿತು.

“ಇದು ಡಿಗ್ರಿ ತಗೊಳಲ್ಲ ಅಜ್ಜಿ, ರೇಡಿಯನ್ ಕೇಳತ್ತೆ. ಪೂರ್ತಿ ಸುತ್ತಿಗೆ ಆರು ಚಿಲ್ಲರೆಯಂತೆ. ಯಾವ ಸೀಮೆ ಲೆಕ್ಕಾನೋ!” ಎಂದಳು.

ನನ್ನ ಜೊತೆ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆ ಸರೋಜಮ್ಮ ತಲೆ ಎತ್ತಿದಳು. ಅವಳೂ ನನ್ನ ಹಾಗೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು.

“ಅದು ರಂಗೋಲಿ ದಾರದ ಲೆಕ್ಕ ಕಣೇ ಮಗು. ನಡುವಿಂದ ಅಂಚಿಗೆ ಹಿಡಿದ ದಾರಾನ ಆ ಅಂಚಿನ ಮೇಲೇ ಹಾಸ್ಕೊಂಡು ಹೋಗು. ಕಾಲು ಸುತ್ತಿಗೆ ಒಂದೂವರೆ ದಾರ, ಮೇಲೊಂದ್ ಚೂರು.”

ಕಾವ್ಯ ಒಂದೂವರೆಯ ಮೇಲೆ ಚೂರು ಸೇರಿಸಿ ಒತ್ತಿದಳು. ರಂಗೋಲಿ ಕಾಲು ಸುತ್ತು ತಿರುಗಿ ನೆಟ್ಟಗೆ ನಿಂತಿತು. “ಸರೋಜಜ್ಜಿ, ಸಖತ್ ನೀವು!” ಎಂದು ಹೋಗಿ ಅವಳನ್ನು ತಬ್ಬಿಕೊಂಡಳು. ರಂಗೋಲಿ ನನ್ನದು, ಮೊಮ್ಮಗಳು ನನ್ನವಳು. ಅವರೆಕಾಯಿ ಬುಟ್ಟಿಯನ್ನು ನನ್ನ ಕಡೆಗೇ ಎಳೆದುಕೊಂಡೆ.

ಮರುದಿನ ಬೆಳಗ್ಗೆ ಬಾಗಿಲ ಮುಂದೆ ದಾರ ಹಿಡಿದು ಚಕ್ರ ಬರೆದು, ಅದೇ ದಾರವನ್ನು ಅಂಚಿನ ಮೇಲೆ ಹಾಸಿ ನೋಡಿದೆ. ಆರು ಸಲ, ಮೇಲೊಂದು ಚೂರು. ಐವತ್ತು ವರ್ಷ ಆ ದಾರ ನನ್ನ ಕೈಯಲ್ಲೂ ಇತ್ತು. ನಾನು ಅಳೆದದ್ದು ಸರೋಜಮ್ಮನಿಗೆ ಕಾಣಬಾರದೆಂದು ಅವಳು ಬಾಗಿಲು ತೆಗೆಯುವ ಮೊದಲೇ ಎಲ್ಲವನ್ನೂ ಗುಡಿಸಿ ಹಾಕಿದೆ.