ಎದ್ದ ಮೇಲೆ ಹೆಸರು

ಭಾವನ ಎಡಮೊಣಕಾಲು ಮಡಚುತ್ತಿರಲಿಲ್ಲ. ಅಬ್ಬಿಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಆ ಕಾಲು ಬಾಗಿಲಿಗೆ ಅಡ್ಡ. ನಾವು ದಾಟಿಕೊಂಡು ಹೋದಾಗಲೆಲ್ಲ, "ಗೆರೆ ದಾಟಿದ್ರು, ಬೋನಸ್ ಪಾಯಿಂಟು!" ಎಂದು ಕೂಗುತ್ತಿದ್ದರು. ಅತ್ತೆ ಒಳಗಿನಿಂದಲೇ, "ಕಾಲು ಇಂದಕ್ಕೆ ಎಳ್ಕಳೋ, ಟೀವಿಯೋನೆ" ಎಂದು ಗದರುತ್ತಿದ್ದರು.

ಅವರು ನನ್ನ ಗಂಡನ ಅಣ್ಣ. ಮೊದಲು ಕಬಡ್ಡಿ ಆಟಗಾರ. ಕಾಲು ಹೋದ ಮೇಲೆ ರೇಡಿಯೋದಲ್ಲಿ, ಆಮೇಲೆ ಟೀವಿಯಲ್ಲಿ ವೀಕ್ಷಕ ವಿವರಣೆ.

ಕಾಲು ಹೋದ ದಿನ ಅತ್ತೆ ರೇಡಿಯೋ ಮುಂದೆ ಕೂತಿದ್ದರಂತೆ. ವಿವರಣೆ ಹೇಳುವವನು ಮಗನ ಹೆಸರು ಕೂಗಿ "ಬಿದ್ದರು, ಏಳುತ್ತಿಲ್ಲ" ಎಂದನಂತೆ. ಅಷ್ಟರಲ್ಲಿ ವಾರ್ತೆಯ ಹೊತ್ತಾಗಿ ಆಟದ ಪ್ರಸಾರ ನಿಂತಿತು. ಮರುದಿನ ಭಾವನನ್ನು ಕರೆತಂದ ಆಟೋ ಬಾಗಿಲಲ್ಲಿ ನಿಲ್ಲುವವರೆಗೂ ಅತ್ತೆ ನೀರು ಮುಟ್ಟಿರಲಿಲ್ಲ.

ಹಾಗಾಗಿ ಮೈಕು ಹಿಡಿದ ಮೇಲೆ ಭಾವ, ಬಿದ್ದವನ ಹೆಸರನ್ನು ಅವನು ಏಳುವವರೆಗೆ ಹೇಳುತ್ತಿರಲಿಲ್ಲ. "ಹುಡುಗ ಕಣ್ಣು ಬಿಟ್ಟ... ಕೈ ಊರಿದ... ಎದ್ದ!" ಆಮೇಲೆ ಹೆಸರು, ಅವನ ಊರು, ಗಂಟಲು ಬಿರಿಯುವಷ್ಟು ಜೋರಾಗಿ. ಒಮ್ಮೆ ಟೀವಿ ಪಂದ್ಯದಲ್ಲಿ ಪ್ರೊಡ್ಯೂಸರ್ ಅವರ ಕಿವಿಯಲ್ಲಿ, "ಯಾರ್ ಸಾರ್ ಅದು? ಹೆಸರು ಹೇಳಿ ಸಾರ್!" ಎಂದು ಅರಚಿದರೂ ಬಾಯಿಬಿಡಲಿಲ್ಲ. ಆ ವರ್ಷ ಅವರನ್ನು ಮತ್ತೆ ಕರೆಯಲಿಲ್ಲ.

"ಟೀವೀಲಿ ಎಲ್ಲಾ ಕಾಣ್ಸುತ್ತಲ್ಲ ಭಾವ?" ಎಂದೆ.

"ಅಡುಗೆಮನೇಲಿರೋ ತಾಯಿಗೆ ಕೇಳ್ಸೋದಷ್ಟೇ ಕಣಮ್ಮ" ಎಂದರು.

ನಮ್ಮ ಮನೆಯಲ್ಲೂ ಅದೇ ರೂಢಿಯಾಯಿತು. ಮಗಳು ಶಾಲೆಯಲ್ಲಿ ಬಿದ್ದರೆ ಮೊದಲು "ಎದ್ದು ಆಡ್ತಿದಾಳೆ" ಎನ್ನುವುದು, ಬಿದ್ದ ಸುದ್ದಿ ಆಮೇಲೆ.

ಕಳೆದ ಚಳಿಗಾಲದಲ್ಲಿ ಎದೆನೋವೆಂದು ಭಾವನನ್ನು ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ಅತ್ತೆಗೆ ಹೇಳಲು ನನ್ನ ಗಂಡ ನನ್ನನ್ನೇ ಕಳಿಸಿದರು, ಅವರ ಕೈಲಿ ಆಗಲಿಲ್ಲ.

ಅತ್ತೆ ಮೊರ ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮುಖ ನೋಡದೆ ಕೂತೆ.

"ಬೆಳಿಗ್ಗೆ ಚೆನ್ನಾಗಿ ಕಣ್ಣು ಬಿಟ್ಟಿದ್ರು ಅತ್ತೆ. ಕಾಫಿ ಕೇಳಿದ್ರು. ನರ್ಸಮ್ಮನ್ನ ನಗಿಸಿದ್ರು. ನನ್ನ ಕೈ ಹಿಡ್ಕೊಂಡು..."

ಅತ್ತೆ ಕಾದರು. ಮಗನ ಪಂದ್ಯಗಳನ್ನೆಲ್ಲ ಹಾಗೇ ಕೈ ನಿಲ್ಲಿಸಿ ಕಾದು ಕೇಳಿದವರು.

"ಎದ್ದ ಅಂತ ಯೇಳ್ಲಿಲ್ವಲ್ಲವ್ವ ನೀನು" ಎಂದರು.

ಮೊರ ಕೆಳಗಿಟ್ಟರು. ಗೋಡೆ ಹಿಡಿದುಕೊಂಡು ಜಗಲಿಗೆ ಹೋಗಿ, ಬಾಗಿಲ ಬಳಿ ಆ ಕಾಲಿನ ಜಾಗ ಬಿಟ್ಟು ಕೂತರು.