ಕಡಲ ಮೇಲಿನ ಮುಚ್ಚಳ

ಎಂಟೂವರೆ ಸಾವಿರ ಕೊಟ್ಟೆ. ಮಾರುವವನು ಹನ್ನೆರಡು ಹೇಳಿದ್ದ. ಆಂಟೆನಾದ ಬುಡಕ್ಕೆ ತುಕ್ಕು ಹಿಡಿದಿದೆಯೆಂದು ಮೂರು ಸಲ ಕೆರೆದು ತೋರಿಸಿ ಇಳಿಸಿದೆ. ಬೋಟಿನಿಂದ ಕಳಚಿದ ಹಳೇ ವೈರ್‌ಲೆಸ್ ಸೆಟ್ಟು ದಡದಲ್ಲಿ ಕೂರುವ ನನಗೇಕೆ ಎನ್ನುತ್ತೀರಾ? ಗಂಗೊಳ್ಳಿಯಲ್ಲಿ ಮೀನು ಹರಾಜಿಗೆ ಬರುವ ಮೊದಲೇ ಯಾವ ಬೋಟಿಗೆ ಎಷ್ಟು ಸಿಕ್ಕಿತೆಂದು ತಿಳಿದರೆ ವ್ಯಾಪಾರಿಗೆ ಇನ್ನೇನು ಬೇಕು? ಕದ್ದು ಕೇಳಿದೆ ಎನ್ನಬೇಡಿ. ಅವರು ಕೂಗುವ ಕೂಗಿಗೆ ಸೆಟ್ಟು ನೆಪಮಾತ್ರ.

ಹೋದ ಫೆಬ್ರವರಿಯ ಒಂದು ಬೆಳಿಗ್ಗೆ ಕಡಲು ಎಣ್ಣೆ ಹೊಯ್ದ ಹಾಗೆ ಮಲಗಿತ್ತು. ಸೆಟ್ಟಿನಲ್ಲಿ ನಮ್ಮೂರ ಬೋಟಿನಲ್ಲಿ ದುಡಿಯುವ ಉಪ್ಪುಂದದ ಮಂಜುನಾಥನ ದನಿ, ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟ: ಬಂಗುಡೆ ರಾಶಿ ಬಿದ್ದಿದೆ, ಮಧ್ಯಾಹ್ನಕ್ಕೆ ಬಂದರು ಸೇರುತ್ತೇವೆ. ಬಿಜೂರಿನ ಮದುವೆಮನೆಯ ಮೆಹಂದಿ ಊಟಕ್ಕೆ ಮೀನು ಒದಗಿಸಲು ಒಪ್ಪಿಕೊಂಡಿದ್ದ ಗಿರಿಜಕ್ಕ ಆಗಲೇ ಬುಟ್ಟಿ ಹಿಡಿದು ಹರಾಜಿಗೆ ಹೊರಟಿದ್ದರು. ನಾನು ಸುಮ್ಮನಿರಬಹುದಿತ್ತು. ಆದರೆ ಯಾರಿಗಾದರೂ ಬಿಟ್ಟಿ ಸಲಹೆ ಕೊಡದೆ ನನಗೆ ಬೆಳಗಿನ ಚಾ ಇಳಿಯುವುದಿಲ್ಲ. ಈಗ ಕೊಳ್ಳಬೇಡಿ, ಮಧ್ಯಾಹ್ನ ಅರ್ಧ ರೇಟಿಗೆ ಕೊಡಿಸುತ್ತೇನೆಂದು ತಡೆದೆ.

ಮಧ್ಯಾಹ್ನವಾಯಿತು. ಬೋಟಿನ ಸುಳಿವಿಲ್ಲ. ಬೆಳಗಿನ ಮೀನೆಲ್ಲ ಲಾರಿ ಹತ್ತಿ ಹೋಗಿತ್ತು. ಸೆಟ್ಟಿನ ಗುಂಡಿ ಒತ್ತಿ, ಎಲ್ಲಿದ್ದೀ ಎಂದು ಮಂಜುನಾಥನನ್ನೇ ಕೇಳಿದೆ.

"ರತ್ನಗಿರಿ ಬಂದ್ರಂಗೆ ಮೀನ್ ಇಳ್ಸ್ತಾ ಇದ್ದೆ ಮಾರಾಯ್ರೆ. ನೀವ್ ಯಾವಾಗ ಬಂದದ್ ಇಲ್ಲಿಗೆ?"

ಹಿಂದಿನ ವಾರವಷ್ಟೇ ಊರಿನ ಬೋಟು ಬಿಟ್ಟು ದೂರದ ಮಹಾರಾಷ್ಟ್ರದ ಆ ಬಂದರಿನ ಬೋಟು ಹತ್ತಿದ್ದನಂತೆ. ಕುಂದಾಪ್ರದ ಮಾತು ಕಿವಿಗೆ ಬಿದ್ದರೆ ಆಡಿದವನು ಕುಂದಾಪ್ರದಲ್ಲೇ ಇದ್ದಾನೆಂದು ನಂಬಿದವನು ನಾನು.

ಗಿರಿಜಕ್ಕ ಪಕ್ಕದಲ್ಲೇ ಇದ್ದರು. "ಸುದ್ದಿ ಹಾಕಿ ಪದಾರ್ಥ ಮಾಡುಕ್ ಆತ್ತಾ ಹ್ವಾಯ್? ಸಂಜಿಗೆ ಇನ್ನೂರ್ ಜನ ಉಂಬುಕ್ ಬತ್ರ್. ನನ್ ಮರ್ಯಾದಿ ಹ್ವಾಪುದ್."

ಟೆಂಪೋ ಮಾಡಿಕೊಂಡು ಮಲ್ಪೆಗೆ ಓಡಿದೆ. ಹೇಳಿದ ರೇಟಿಗೆ ತುಟಿಪಿಟಿಕ್ಕೆನ್ನದೆ ಬಂಗುಡೆ ತುಂಬಿಸಿದೆ. ಹೆಚ್ಚಾದದ್ದು ನನ್ನ ಜೇಬಿನಿಂದ. ಮೆಹಂದಿಯ ಊಟ ಒಂದು ತಾಸು ತಡವಾಯಿತು, ಆದರೆ ಎಲೆಗೆ ಮೀನು ಬಿತ್ತು.

ಬ್ರಹ್ಮಾವರದಲ್ಲಿರುವ ನನ್ನ ಭಾವ ಹಿಂದೆ ಹಡಗಿನಲ್ಲಿ ವೈರ್‌ಲೆಸ್ ನೋಡಿಕೊಂಡವರು. ಮರುದಿನ ಕೇಳಿದರೆ ನಕ್ಕು ಬಿಡಿಸಿ ಹೇಳಿದರು. ಮಾಮೂಲಿ ದಿನ ಈ ಸೆಟ್ಟಿನ ದನಿ ನೆಟ್ಟಗೆ ಹೋಗುತ್ತದೆ. ಭೂಮಿ ಬಾಗಿದಲ್ಲಿ ಅದರ ಆಟ ಮುಗಿಯಿತು. ಆದರೆ ನೆಲದ ಬಿಸಿ ಒಣಗಾಳಿ ತಣ್ಣನೆಯ ಕಡಲಿನ ತೇವದ ಗಾಳಿಯ ಮೇಲೆ ಮುಚ್ಚಳದಂತೆ ಕೂತ ದಿನ, ದನಿ ಮೇಲೆ ಹಾರಲಾರದೆ ನೀರಿಗೂ ಮುಚ್ಚಳಕ್ಕೂ ನಡುವೆ ಜಾರುತ್ತ ನೂರಾರು ಮೈಲಿ ಹೋಗುತ್ತದಂತೆ. ಜೋರು ಗಾಳಿ ಬೀಸಿ ಎರಡೂ ಬೆರೆತರೆ ಮುಚ್ಚಳ ಹಾರಿಹೋಯಿತು.

ಹಾಗಾಗಿ ನನ್ನ ಮಾತು ಕೇಳಿ. ಗಾಳಿ ಬೀಸುವ ದಿನ ಗೊರಗೊರ ಎನ್ನುವ ದನಿಯನ್ನು ನಂಬಬಹುದು, ಅವನು ಇಲ್ಲೇ ಎಲ್ಲೋ ಇರುತ್ತಾನೆ. ಕಡಲು ಅಲುಗದ ದಿನ ಕಿವಿಯಲ್ಲೇ ಉಸುರಿದಂತೆ ಕೇಳಿದರೆ, ಎಷ್ಟು ಮೀನು ಎನ್ನುವ ಮೊದಲು ಯಾವ ಬಂದರು ಎಂದು ಕೇಳಿ. ಕೇಳಲು ನಾಚಿಕೆಯಾದರೆ, ಪಕ್ಕದವರಿಗೆ ಸಲಹೆ ಕೊಡುವುದನ್ನಾದರೂ ಅವರು ಬುಟ್ಟಿ ತುಂಬಿಸಿಕೊಂಡು ಬರುವವರೆಗೆ ಮುಂದಕ್ಕೆ ಹಾಕಿ.